ವಜ್ರದ ಹತ್ತಿರವೋ, ನೆರೆಮನೆಯ ಹತ್ತಿರವೋ?

ಮಕ್ಕಳೇ, ಹೀಗೊಂದು ಊಹೆ ಮಾಡಿ. ನೀವು ಮತ್ತು ನಿಮ್ಮ ತರಗತಿಯ ಒಂಬತ್ತು ಮಂದಿ ಗೆಳೆಯರು ಯಾರೂ ವಾಸವಿಲ್ಲದ ಹೊಸ ನೆಲಕ್ಕೆ ಬಂದಿಳಿದಿದ್ದೀರಿ. ಕೈಯಲ್ಲಿ ಕೊಡಲಿ ಇಲ್ಲ, ಗುದ್ದಲಿ ಇಲ್ಲ, ಬುತ್ತಿಯೂ ಇಲ್ಲ. ಸುತ್ತ ಕಾಡು, ಒಂದು ನದಿ, ದೂರದಲ್ಲಿ ಬೆಟ್ಟ. ಇನ್ನು ಹತ್ತು ನಿಮಿಷಕ್ಕೆ ಹೊತ್ತು ಮುಳುಗುತ್ತದೆ. ಕತ್ತಲಾದರೆ ಪಿಶಾಚಿಗಳು ಬರುತ್ತವೆ. ಮನೆಯನ್ನು ಎಲ್ಲಿ ಕಟ್ಟುತ್ತೀರಿ?

‘ಮೈನ್‌ಕ್ರಾಫ್ಟ್’ ಎಂಬ ಕಂಪ್ಯೂಟರ್ ಆಟ ಆರಂಭವಾಗುವುದು ಹೀಗೆಯೇ. ಸ್ವೀಡನ್ ದೇಶದ ಮಾರ್ಕಸ್ ಪರ್ಸನ್ ಎಂಬಾತ 2009ರಲ್ಲಿ ಇದರ ಮೊದಲ ರೂಪವನ್ನು ಹೊರತಂದ. 2011ರ ನವೆಂಬರಿನಲ್ಲಿ ಪೂರ್ಣರೂಪ ಬಂತು. 2023ರ ಹೊತ್ತಿಗೆ 30 ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಗಿದ್ದವು. ಈ ಆಟದ ಲೋಕದಲ್ಲಿ ಮಣ್ಣು, ಕಲ್ಲು, ಮರ, ನೀರು ಎಲ್ಲವೂ ಘನಾಕೃತಿಯ ತುಂಡುಗಳು. ಒಂದೊಂದು ತುಂಡೂ 1 ಮೀಟರ್ ಉದ್ದ, 1 ಮೀಟರ್ ಅಗಲ, 1 ಮೀಟರ್ ಎತ್ತರ. ಅಂದರೆ ಗಾತ್ರ 1 ಘನ ಮೀಟರ್. ಮರಳಿನ ರಾಶಿಯಲ್ಲಿ ಕಾಲಿಟ್ಟು ಗುಬ್ಬಚ್ಚಿ ಗೂಡು ಕಟ್ಟಿದ್ದೀರಲ್ಲವೆ? ಇದೂ ಹಾಗೆಯೇ. ಅಗೆಯುವುದು, ಕಟ್ಟುವುದು, ಬೇಕಾದರೆ ಕೆಡವುವುದು. ಇಂಥದ್ದೇ ಮಾಡಬೇಕೆಂಬ ಕಟ್ಟಳೆ ಇಲ್ಲ. ಹಾಗಾಗಿಯೇ ಇವನ್ನು ಮರಳಿನ ಪೆಟ್ಟಿಗೆಯ ಹೆಸರಿನಲ್ಲಿ ‘ಸ್ಯಾಂಡ್‌ಬಾಕ್ಸ್ ಆಟ’ ಎನ್ನುತ್ತಾರೆ. ಒಬ್ಬರೇ ಆಡಬಹುದು. ಬೇರೆ ಬೇರೆ ಕಂಪ್ಯೂಟರುಗಳಲ್ಲಿ ಕುಳಿತ ಹತ್ತಾರು ಮಂದಿ ಒಂದೇ ಲೋಕದಲ್ಲಿ ಸೇರಿಯೂ ಆಡಬಹುದು.

ಶಾಲೆಗಳಿಗೆ ಹೋದಾಗ ಈಚೆಗೆ ನಾನು ಮಕ್ಕಳಿಗೆ ಈ ಪ್ರಶ್ನೆ ಕೇಳುತ್ತೇನೆ. ಅಣ್ಣನ ಮೊಬೈಲಿನಲ್ಲೋ ಮಾವನ ಮನೆಯ ಕಂಪ್ಯೂಟರಿನಲ್ಲೋ ಆಡಿದವರು ಪ್ರತಿ ತರಗತಿಯಲ್ಲೂ ಒಂದಿಬ್ಬರು ಇದ್ದೇ ಇರುತ್ತಾರೆ. ಉತ್ತರಗಳು ಸಾಮಾನ್ಯವಾಗಿ ಎರಡೇ. ಒಂದು, ವಜ್ರ ಸಿಗುವ ಕಡೆ. ಇನ್ನೊಂದು, ಯಾರ ಕಣ್ಣಿಗೂ ಬೀಳದಷ್ಟು ದೂರ. ಈ ಎರಡು ಉತ್ತರಗಳನ್ನೂ ನಾನು ಒಪ್ಪುವುದಿಲ್ಲ. ಏಕೆಂದು ಹೇಳುತ್ತೇನೆ. ಲೆಕ್ಕ ಹಾಕಿ ನೋಡಿ, ಆಮೇಲೆ ಬೇಕಿದ್ದರೆ ನನ್ನೊಡನೆ ವಾದ ಮಾಡಿ.

ಮೊದಲು ವಜ್ರದ ಮಾತು. ಈ ಆಟದಲ್ಲಿ ಎತ್ತರವನ್ನು ಅಂಕಿಯಲ್ಲಿ ಅಳೆಯುತ್ತಾರೆ. ಸಮುದ್ರದ ಮಟ್ಟ ಸುಮಾರು 63. 2021ರ ನವೆಂಬರಿನಲ್ಲಿ ಬಂದ ಆವೃತ್ತಿಯಿಂದ ಲೋಕದ ತಳ -64, ಮೇಲಿನ ಮಿತಿ 320. ಋಣ ಸಂಖ್ಯೆ ಎಲ್ಲಿ ಉಪಯೋಗಕ್ಕೆ ಬರುತ್ತದೆ ಎಂದು ಕೇಳುತ್ತೀರಲ್ಲ, ಇಲ್ಲಿ ನೋಡಿ. ವಜ್ರ ಸಿಗುವುದು 16ಕ್ಕಿಂತ ಕೆಳಗೆ. ಆಳಕ್ಕೆ ಹೋದಂತೆ ಹೆಚ್ಚು ಹೆಚ್ಚು ಸಿಗುತ್ತದೆ. ಹಾಗಾದರೆ ವಜ್ರ ಇರುವುದು ಯಾವ ಊರಿನಲ್ಲಿ? ಎಲ್ಲ ಕಡೆಯೂ! ಮರುಭೂಮಿಯ ಕೆಳಗೂ ಇದೆ, ಕಾಡಿನ ಕೆಳಗೂ ಇದೆ, ನದಿಯ ಕೆಳಗೂ ಇದೆ. ಬೇಕಾದದ್ದು ಆಳವೇ ಹೊರತು ಜಾಗವಲ್ಲ. ಎಲ್ಲಿ ನಿಂತರೂ ಕಾಲ ಕೆಳಗೆ ಸಿಗುವ ವಸ್ತುವಿಗಾಗಿ ಜಾಗ ಹುಡುಕುತ್ತಾ ಅಲೆಯುವುದರಲ್ಲಿ ಅರ್ಥವಿಲ್ಲ.

ನಿಜವಾದ ಭೂಮಿ ಹೀಗಿಲ್ಲ. ಅದಿರು ಕೆಲವೇ ಕಡೆ ಇರುತ್ತದೆ. ನಮ್ಮದೇ ಕೋಲಾರದ ಚಿನ್ನದ ಗಣಿ ನೋಡಿ. ಅಲ್ಲಿ ಊರು ಬೆಳೆದದ್ದು ನೆಲದಡಿಯ ಚಿನ್ನದಿಂದಾಗಿ. ಗಣಿ 3 ಕಿ.ಮೀ.ಗಿಂತಲೂ ಆಳಕ್ಕೆ ಇಳಿದಿತ್ತು. ಆದರೆ ಚಿನ್ನವನ್ನು ಕುಡಿಯಲಾಗುವುದಿಲ್ಲವಲ್ಲ! ನೀರನ್ನು ಪಾಲಾರ್ ನದಿಯ ಬೇತಮಂಗಲದ ಕೆರೆಯಿಂದ ತರಬೇಕಾಯಿತು. 1902ರಲ್ಲಿ ವಿದ್ಯುತ್ತನ್ನು ಕಾವೇರಿಯ ಶಿವನಸಮುದ್ರದಿಂದ ತಂತಿ ಎಳೆದು ತಂದರು. 2001ರಲ್ಲಿ ಗಣಿ ಮುಚ್ಚಿತು. ಊರು ಮಾತ್ರ ಅಲ್ಲಿಯೇ ಉಳಿಯಿತು. ಅಲ್ಲಿನ ಎಷ್ಟೋ ಜನ ಇಂದಿಗೂ ಬೆಳಗಾಗುವ ಮುನ್ನ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ಬರುತ್ತಾರೆ. ಅದಿರನ್ನು ನಂಬಿ ಕಟ್ಟಿದ ಊರಿಗೆ ಅದಿರು ಮುಗಿದ ಮೇಲೆ ಏನು ಕೆಲಸ ಎಂಬುದು ದೊಡ್ಡವರಿಗೂ ಬಿಡಿಸಲಾಗದ ಲೆಕ್ಕ.

ಇನ್ನು ‘ದೂರ ಹೋಗಿ ಅಡಗೋಣ’ ಎಂಬ ಉತ್ತರ. ಈ ಆಸೆ ನನಗೆ ಅರ್ಥವಾಗುತ್ತದೆ. ಆಟದ ಲೋಕ ಎಷ್ಟು ದೊಡ್ಡದೆಂದು ಗೊತ್ತೆ? ನಡುವಿನಿಂದ ನಾಲ್ಕೂ ದಿಕ್ಕಿಗೆ ಸುಮಾರು 3 ಕೋಟಿ ಮೀಟರ್, ಅಂದರೆ 30,000 ಕಿ.ಮೀ. ಒಂದು ಅಂಚಿನಿಂದ ಇನ್ನೊಂದು ಅಂಚಿಗೆ 60,000 ಕಿ.ಮೀ. ವಿಸ್ತೀರ್ಣ 360 ಕೋಟಿ ಚ.ಕಿ.ಮೀ. ನಮ್ಮ ಭೂಮಿಯ ಮೇಲ್ಮೈ ಸುಮಾರು 51 ಕೋಟಿ ಚ.ಕಿ.ಮೀ. ಅಂದರೆ ಏಳು ಭೂಮಿಗಳಷ್ಟು ಜಾಗ! ಇಷ್ಟೆಲ್ಲ ಇರುವಾಗ ಒಬ್ಬರ ಪಕ್ಕ ಒಬ್ಬರು ಏಕೆ ಒತ್ತಿಕೊಂಡು ಕೂರಬೇಕು ಎಂದು ಅನ್ನಿಸುವುದು ಸಹಜ.

ಆದರೆ ಜಾಗ ಎಷ್ಟಿದ್ದರೇನು, ಕಾಲು ಎರಡೇ. ಆಟದಲ್ಲಿ ನಡೆಯುವ ವೇಗ ಸೆಕೆಂಡಿಗೆ ಸುಮಾರು 4.3 ಮೀಟರ್. ಆಟದ ಒಂದು ಇಡೀ ದಿನ ನಮ್ಮ 20 ನಿಮಿಷಕ್ಕೆ ಸಮ. ಅದರಲ್ಲಿ ಚೆನ್ನಾಗಿ ಬೆಳಕಿರುವುದು 10 ನಿಮಿಷ, ಅಂದರೆ 600 ಸೆಕೆಂಡು. ಗುಣಿಸಿ. 600 × 4.3 = 2,580 ಮೀಟರ್. ಒಂದು ಹಗಲಿನಲ್ಲಿ ನೀವು ನಡೆಯಬಲ್ಲದ್ದು ಇಷ್ಟೇ. ಹೋಗಿ ಹಗಲಿನಲ್ಲೇ ಮರಳಿ ಬರಬೇಕೆಂದರೆ ಇದರ ಅರ್ಧ, 1,290 ಮೀಟರ್. ಗೆಳೆಯನ ಮನೆಯಲ್ಲಿ ಸ್ವಲ್ಪ ಹೊತ್ತು ಕೂತು ಬರಬೇಕೆಂದರೆ ಇನ್ನೂ ಕಡಿಮೆ. ಆದ್ದರಿಂದ ನಿಮ್ಮ ಮನೆ ಗೆಳೆಯರ ಮನೆಗಳಿಂದ ಒಂದು ಕಿಲೋಮೀಟರಿನ ಒಳಗೆ ಇರಬೇಕು ಎಂಬುದು ನನ್ನ ಲೆಕ್ಕ. ಹಿಂದೆ ಎತ್ತಿನ ಗಾಡಿಯಲ್ಲಿ ಸಂತೆಗೆ ಹೋಗುತ್ತಿದ್ದವರು ಕತ್ತಲಾಗುವ ಮೊದಲು ಮನೆ ಸೇರುವ ಲೆಕ್ಕವನ್ನೇ ಹಾಕುತ್ತಿದ್ದರು. ಅವರ ಕೈಯಲ್ಲಿ ಗಡಿಯಾರ ಇರಲಿಲ್ಲ ಅಷ್ಟೆ.

ಇಲ್ಲಿ ಚೆನ್ನಾಗಿ ಆಡಬಲ್ಲ ಹುಡುಗನೊಬ್ಬ ಕೈ ಎತ್ತುತ್ತಾನೆ. “ಸರ್, ನೆದರ್ ದಾರಿ ಇದೆಯಲ್ಲ?” ಸರಿಯಾದ ಪ್ರಶ್ನೆ. ನೆದರ್ ಎಂದರೆ ಆಟದ ಪಾತಾಳಲೋಕ. ಅಲ್ಲಿ 1 ಮೀಟರ್ ನಡೆದರೆ ಮೇಲಿನ ಲೋಕದಲ್ಲಿ 8 ಮೀಟರ್ ನಡೆದಂತೆ. 8,000 ಮೀಟರ್ ದೂರ ಅಲ್ಲಿ 1,000 ಮೀಟರ್ ಆಗುತ್ತದೆ. ನಡೆದರೆ ನಾಲ್ಕು ನಿಮಿಷದೊಳಗೆ ಮುಗಿಯುತ್ತದೆ. ಆದರೆ ಅಲ್ಲಿ ಕುದಿಯುವ ಲಾವಾರಸದ ಕಡಲುಗಳಿವೆ, ಬೆಂಕಿ ಉಗುಳುವ ಪ್ರಾಣಿಗಳಿವೆ. ಕಲ್ಲಿನ ಸುರಂಗ ಕಟ್ಟಿ ದಾರಿ ಮಾಡದೆ ಓಡಾಡುವುದು ಅಪಾಯ. ಒಬ್ಬನೇ ಸಾವಿರ ಮೀಟರ್ ಸುರಂಗ ಕಟ್ಟಲು ಎಷ್ಟು ಸಂಜೆಗಳು ಬೇಕು? ಹತ್ತು ಮಂದಿ ಸೇರಿದರೆ ತಲಾ ನೂರು ಮೀಟರ್. ಅಂದರೆ ದೂರ ಹೋಗುವ ದಾರಿಗೂ ನೆರೆಯವರೇ ಬೇಕು.

ನೆರೆಯವರು ಏಕೆ ಬೇಕೆಂಬುದಕ್ಕೆ ಇನ್ನೊಂದು ಕಾರಣವಿದೆ. ನನಗೆ ತುಂಬ ಇಷ್ಟವಾದ ಕಾರಣ ಇದು. ಅಷ್ಟು ದೊಡ್ಡ ಲೋಕವನ್ನು ಪೂರ್ತಿಯಾಗಿ ನಡೆಸುತ್ತಾ ಕೂರಲು ಯಾವ ಕಂಪ್ಯೂಟರಿಗೂ ಆಗುವುದಿಲ್ಲ. ಆದ್ದರಿಂದ ಅದು ಲೋಕವನ್ನು 16 ಮೀ. × 16 ಮೀ. ಚೌಕಗಳಾಗಿ ಹಂಚಿಕೊಂಡು, ಆಟಗಾರರು ಇರುವ ಕಡೆ ಸುತ್ತಲಿನ ಒಂದಷ್ಟು ಚೌಕಗಳನ್ನು ಮಾತ್ರ ‘ಎಚ್ಚರ’ವಾಗಿ ಇಡುತ್ತದೆ. ಹಲವರು ಆಡುವ ಸರ್ವರ್ ಕಂಪ್ಯೂಟರಿನಲ್ಲಿ ಬೇರೇನೂ ಬದಲಿಸದಿದ್ದರೆ ಇದು ಆಟಗಾರನಿಂದ ಪ್ರತಿ ದಿಕ್ಕಿಗೂ 10 ಚೌಕ, ಅಂದರೆ 160 ಮೀಟರ್. ಅದರಾಚೆಯ ಗೋಧಿ ಹೊಲ ನಿದ್ದೆ ಮಾಡುತ್ತಿರುತ್ತದೆ. ಪೈರು ಒಂದು ಎಲೆಯೂ ಬೆಳೆಯುವುದಿಲ್ಲ. ದೂರದ ಗುಡ್ಡದಲ್ಲಿ ಅಡಗಿ ಮನೆ ಕಟ್ಟಿದವನು ಆಟ ಬಿಟ್ಟು ಊಟಕ್ಕೆ ಹೋದನೆಂದರೆ ಅವನ ಬೆಳೆ ನಿಂತಲ್ಲೇ ನಿಲ್ಲುತ್ತದೆ. ಆದರೆ ನೂರು ಮೀಟರ್ ದೂರದಲ್ಲಿ ಗೆಳತಿಯ ಮನೆ ಇದ್ದು, ಅವಳು ಆಡುತ್ತಿದ್ದರೆ? ನೀವು ಇಲ್ಲದಿದ್ದರೂ ನಿಮ್ಮ ಪೈರು ಬೆಳೆಯುತ್ತದೆ! ಅವಳು ಏನನ್ನೂ ಮಾಡಬೇಕಾಗಿಲ್ಲ. ಸುಮ್ಮನೆ ಅಲ್ಲಿ ಇದ್ದರೆ ಸಾಕು.

‘ಸರಿ, ಆದರೆ ಕಳ್ಳತನ ಮಾಡಿದರೆ?’ ಎನ್ನುವವರಿದ್ದಾರೆ. ಇದು ಸುಮ್ಮನೆ ತಳ್ಳಿಹಾಕುವ ಮಾತಲ್ಲ. ಪೆಟ್ಟಿಗೆಯಲ್ಲಿಟ್ಟ ವಜ್ರ ಕದ್ದರೆಂದು ಅತ್ತ ಮಕ್ಕಳನ್ನು ನಾನು ನೋಡಿದ್ದೇನೆ. 2010ರ ಡಿಸೆಂಬರಿನಲ್ಲಿ ಆರಂಭವಾದ ‘ಟೂಬಿಟೂಟಿ’ ಎಂಬ ಸರ್ವರ್ ಇದೆ. ಅಲ್ಲಿ ಯಾವ ನಿಯಮವೂ ಇಲ್ಲ. (ಅಲ್ಲಿನ ಮಾತುಕತೆ ಚೆನ್ನಾಗಿರುವುದಿಲ್ಲ, ನೀವು ಹೋಗುವ ಜಾಗ ಅದಲ್ಲ.) ಎಲ್ಲರೂ ಆಟ ಆರಂಭಿಸುವ ನಡುಭಾಗದಲ್ಲಿ ಮರ ಉಳಿದಿಲ್ಲ, ಹುಲ್ಲು ಉಳಿದಿಲ್ಲ, ಬರೀ ಹಳ್ಳ ಗುಂಡಿಗಳು. ಹೊಸಬರಿಗೆ ತಿನ್ನಲು ಏನೂ ಸಿಗುವುದಿಲ್ಲ. ಅಲ್ಲಿಯವರು ಹತ್ತಾರು ಸಾವಿರ ಮೀಟರ್ ಓಡಿ, ಕೆಲವರು ಲಕ್ಷ ಮೀಟರುಗಳಾಚೆ ಹೋಗಿ ಮನೆ ಕಟ್ಟುತ್ತಾರೆ. ಅಲ್ಲಿ ಅದು ತಪ್ಪಲ್ಲ, ಬೇರೆ ದಾರಿಯಿಲ್ಲ. ಆದರೂ ಎಷ್ಟೋ ಮನೆಗಳನ್ನು ಯಾರೋ ಹುಡುಕಿ ಕೆಡವಿದ್ದಾರೆ. ತೆರೆಯ ಮೇಲೆ ನಿರ್ದೇಶಾಂಕಗಳು ಕಾಣುವ ಒಂದು ಚಿತ್ರವನ್ನು ಗೆಳೆಯನಿಗೆ ಕಳಿಸಿದರೂ ಸಾಕು, ಗುಟ್ಟು ರಟ್ಟಾಗುತ್ತದೆ. ಅಡಗುವಿಕೆ ಕಾಪಾಡುವುದು ಯಾರಾದರೂ ಹುಡುಕುವವರೆಗೆ ಮಾತ್ರ.

ನಿಮ್ಮ ತರಗತಿಯ ಹತ್ತು ಮಂದಿಯ ಲೋಕ ಅಂಥದ್ದಲ್ಲ. ನೀವು ಬೆಳಿಗ್ಗೆ ಎದ್ದರೆ ಒಬ್ಬರ ಮುಖ ಒಬ್ಬರು ನೋಡಬೇಕಾದವರು. ಅಲ್ಲಿ ಗೋಡೆಗಿಂತ ಮಾತು ಹೆಚ್ಚು ಕೆಲಸ ಮಾಡುತ್ತದೆ. ಆಡುವ ಮೊದಲೇ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಯಾರ ಪೆಟ್ಟಿಗೆಯನ್ನು ಯಾರು ತೆರೆಯಬಹುದು? ಮರ ಕಡಿದವರು ಎಷ್ಟು ಸಸಿ ನೆಡಬೇಕು? ಆರಂಭದ ಜಾಗದಲ್ಲಿ ಯಾರೂ ಕಡಿಯಬಾರದು ಎಂಬ ನಿಯಮವನ್ನಂತೂ ಮೊದಲು ಬರೆಯಿರಿ. ಮನೆಯನ್ನೂ ಆ ಜಾಗದ ಮೇಲೆಯೇ ಕಟ್ಟಬೇಡಿ. ಅದು ನಮ್ಮ ಊರಿನ ಬಸ್ ನಿಲ್ದಾಣ ಇದ್ದಂತೆ, ಎಲ್ಲರಿಗೂ ಸೇರಿದ್ದು. ಮೂರು ನಾಲ್ಕು ನೂರು ಮೀಟರ್ ಆಚೆ ಹೋದರೆ ಸಾಕು.

ಹಾಗಾದರೆ ಆ ಒಂದು ಕಿಲೋಮೀಟರಿನೊಳಗೆ ಯಾವ ಜಾಗ? ನೀರಿನ ಪಕ್ಕ, ಆದರೆ ನೀರಿಗಿಂತ ಸ್ವಲ್ಪ ಎತ್ತರದಲ್ಲಿ. ಆಟದಲ್ಲಿ ಒಂದು ತುಂಡು ನೀರು ನಾಲ್ಕೂ ಕಡೆ 4 ಮೀಟರ್‌ವರೆಗೆ ಉತ್ತ ನೆಲವನ್ನು ತೇವವಾಗಿಡುತ್ತದೆ. 9 × 9 = 81, ನಡುವಿನ ನೀರಿನದು ಒಂದನ್ನು ಕಳೆದರೆ 80 ಚೌಕ ಹೊಲ. ಬೆಟ್ಟದ ತುದಿಯಲ್ಲಿ ಕಟ್ಟಿದರೆ ನೋಟ ಚೆಂದ, ಕಬ್ಬಿಣವೂ ಎತ್ತರದ ಬೆಟ್ಟಗಳಲ್ಲಿ ಚೆನ್ನಾಗಿ ಸಿಗುತ್ತದೆ. ಆದರೆ 23 ಮೀಟರಿನಿಂದ ಬಿದ್ದರೆ ಆಟದಲ್ಲಿ ಪ್ರಾಣ ಹೋಗುತ್ತದೆ. (ನಿಜ ಜೀವನದಲ್ಲಿ ಮಾಳಿಗೆಯಿಂದ ಬಿದ್ದರೂ ಹೋಗಬಹುದು. ಇದನ್ನು ಆಟ ನೋಡಿ ಕಲಿಯಬೇಡಿ.)

ಆಟ ತಪ್ಪಾಗಿ ಕಲಿಸುವ ಸಂಗತಿಗಳು ಇನ್ನೂ ಇವೆ. ಮೇಷ್ಟ್ರಾಗಿ ಅವನ್ನು ಹೇಳದೆ ಬಿಡಲಾರೆ. ಆಟದಲ್ಲಿ ದೀವಟಿಗೆಯ ಬೆಳಕು 14 ಅಂಶ, ಒಂದೊಂದು ಮೀಟರಿಗೆ ಒಂದೊಂದು ಅಂಶ ಕಡಿಮೆಯಾಗುತ್ತಾ ಹೋಗುತ್ತದೆ. ನಿಜವಾದ ಬೆಳಕು ಹಾಗಲ್ಲ. ದೂರ ಎರಡು ಪಟ್ಟಾದರೆ ಬೆಳಕು ನಾಲ್ಕನೇ ಒಂದಾಗುತ್ತದೆ, ಮೂರು ಪಟ್ಟಾದರೆ ಒಂಬತ್ತನೇ ಒಂದು. ಆಟದಲ್ಲಿ ಮರಳು, ಜಲ್ಲಿ ಕೆಳಗೆ ಬೀಳುತ್ತವೆ. ಮಣ್ಣು, ಬಂಡೆ ಆಕಾಶದಲ್ಲೇ ನಿಂತಿರುತ್ತವೆ. ಇವು ಸಣ್ಣ ತಪ್ಪುಗಳು, ನಕ್ಕು ಬಿಡಬಹುದು.

ದೊಡ್ಡ ತಪ್ಪು ನೀರಿನದು. ಆಟದಲ್ಲಿ 2 ಮೀ. × 2 ಮೀ. ಗುಂಡಿ ತೋಡಿ, ಎದುರು ಬದುರು ಮೂಲೆಗೆ ಎರಡು ಬಕೆಟ್ ನೀರು ಸುರಿದರೆ ಗುಂಡಿ ತುಂಬಿಕೊಳ್ಳುತ್ತದೆ. ಅದರಿಂದ ಎಷ್ಟು ಬಕೆಟ್ ತೆಗೆದರೂ ಮುಗಿಯುವುದಿಲ್ಲ. ಬೇಸಿಗೆ ಇಲ್ಲ, ಬರ ಇಲ್ಲ, ಬೋರ್‌ವೆಲ್ ಬತ್ತುವುದಿಲ್ಲ. ನದಿಗೆ ಮಹಾಪೂರವೂ ಬರುವುದಿಲ್ಲ. ಎಷ್ಟೇ ಮಳೆ ಸುರಿದರೂ ನದಿ ಒಂದು ಅಂಗುಲ ಏರುವುದಿಲ್ಲ. ಆಟದಲ್ಲಿ ದಂಡೆಗೆ ತಾಗಿಯೇ ಮನೆ ಕಟ್ಟಿದವನಿಗೆ ಏನೂ ಆಗುವುದಿಲ್ಲ.

ನಮ್ಮ ಹಿರಿಯರಿಗೆ ಹೀಗೆ ನಡೆಯುವಂತಿರಲಿಲ್ಲ. ಅರಸೀಕೆರೆ, ತರೀಕೆರೆ, ತುರುವೇಕೆರೆ ಎಂದು ಊರಿನ ಹೆಸರಿನಲ್ಲೇ ಕೆರೆ ಇಟ್ಟುಕೊಂಡವರು ಅವರು. ಚಿತ್ರದುರ್ಗದ ಕೋಟೆಯೂ ಬೆಟ್ಟದ ಮೇಲಿನ ಮನೆಯೇ ತಾನೆ? ಶತ್ರುವಿಗೆ ಹೆದರಿ ಎತ್ತರಕ್ಕೆ ಹೋದವರಿಗೆ ನೀರು ಎಲ್ಲಿಂದ? ಬಂಡೆಗಳ ಮೇಲೆ ಬಿದ್ದ ಮಳೆಯನ್ನು ಹೊಂಡಗಳಲ್ಲಿ ಹಿಡಿದರು. ಗೋಪಾಲಸ್ವಾಮಿ ಹೊಂಡ, ಅಕ್ಕ ತಂಗಿಯರ ಹೊಂಡ ಈಗಲೂ ಇವೆ. ಪ್ರವಾಸಕ್ಕೆ ಹೋದಾಗ ಒನಕೆ ಓಬವ್ವನ ಕಿಂಡಿಯ ಮುಂದೆ ಫೋಟೋ ತೆಗೆಸಿಕೊಂಡು ಓಡಿಬರಬೇಡಿ, ಆ ಹೊಂಡಗಳಿಗೆ ನೀರು ಯಾವ ಕಡೆಯಿಂದ ಇಳಿದು ಬರುತ್ತದೆಂದು ನಿಂತು ನೋಡಿ.

2009ರ ಸೆಪ್ಟೆಂಬರ್ ಕೊನೆ ಹಾಗೂ ಅಕ್ಟೋಬರ್ ಮೊದಲ ದಿನಗಳಲ್ಲಿ ಉತ್ತರ ಕರ್ನಾಟಕದಲ್ಲಿ ಭಾರಿ ಮಳೆಯಾಗಿ ನದಿಗಳು ಊರಿಗೆ ನುಗ್ಗಿದವು. 2019ರ ಆಗಸ್ಟಿನಲ್ಲಿ ಮತ್ತೆ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಉಕ್ಕಿದವು. ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೂ ನೀರು ಬಂತು. 2009ರ ಬಳಿಕ ನದಿ ದಂಡೆಯ ಹಲವು ಊರುಗಳಿಗೆ ಎತ್ತರದಲ್ಲಿ ಹೊಸ ಮನೆಗಳನ್ನು ಕಟ್ಟಲಾಯಿತು. ಅಂಥ ಒಂದು ಊರಿನ ಶಾಲೆಯಲ್ಲಿ ನಾನು ಇದೇ ಪ್ರಶ್ನೆ ಕೇಳಿದೆ. ಎಲ್ಲರೂ ವಜ್ರ, ಗುಡ್ಡ ಎನ್ನುತ್ತಿರುವಾಗ ಏಳನೇ ತರಗತಿಯ ಹುಡುಗಿ ಕರಿಹಲಗೆಯ ನಕಾಶೆಯಲ್ಲಿ ಹೊಲದ ಮಗ್ಗುಲಿಗೆ ಗುರುತು ಹಾಕಿದಳು. ಏಕೆಂದು ಕೇಳಿದೆ. “ಹೊಲ ದೂರ ಆದ್ರ ಮನಿ ಇದ್ದೂ ಇಲ್ಲದಂಗರೀ ಸರ. ನಮ್ಮಜ್ಜ ದನ ಕಟ್ಟಾಕ ಇನ್ನೂ ಹಳೇ ಊರಿಗೇ ಹೋಗ್ತಾನ” ಎಂದಳು. ಅವಳು ಆ ಆಟವನ್ನು ಒಮ್ಮೆಯೂ ಆಡಿದವಳಲ್ಲ.

ಅವಳ ಮಾತಿನಲ್ಲಿ ಒಂದು ಕಷ್ಟದ ಲೆಕ್ಕವಿದೆ. ನೀರಿನಿಂದ ದೂರ ಹೋದರೆ ಜೀವ ಉಳಿಯುತ್ತದೆ, ಆದರೆ ಕಪ್ಪು ಮಣ್ಣಿನ ಒಳ್ಳೆಯ ಹೊಲ ಇರುವುದು ನದಿಯ ಹತ್ತಿರವೇ. ಎರಡನ್ನೂ ಕೊಡುವ ಜಾಗ ಸಿಗದಿದ್ದರೆ ಯಾವುದನ್ನು ಎಷ್ಟು ಬಿಡಬೇಕು? ಅದನ್ನು ತೀರ್ಮಾನಿಸುವವರು ಯಾರು? ನಕಾಶೆ ಬರೆಯುವ ಎಂಜಿನಿಯರ್ ಒಬ್ಬರೇ ಸಾಲದು, ಹೊಲಕ್ಕೆ ನಡೆದು ಹೋಗುವ ಅಜ್ಜನನ್ನೂ ಕೇಳಬೇಕು ಎಂಬುದು ನನ್ನ ಅಭಿಪ್ರಾಯ. ಮಕ್ಕಳನ್ನೂ ಕೇಳಬೇಕು. ಶಾಲೆಗೆ ನಡೆಯುವವರು ಅವರೇ ತಾನೆ?

ಇದು ಬರೀ ಕನಸಲ್ಲ. ವಿಶ್ವಸಂಸ್ಥೆಯ ಜನವಸತಿ ವಿಭಾಗ 2012ರಿಂದ ‘ಬ್ಲಾಕ್ ಬೈ ಬ್ಲಾಕ್’ ಎಂಬ ಕಾರ್ಯಕ್ರಮದಲ್ಲಿ ಈ ಆಟವನ್ನೇ ಬಳಸಿಕೊಂಡಿತು. ಕೆನ್ಯಾ ದೇಶದ ನೈರೋಬಿಯಂಥ ನಗರಗಳಲ್ಲಿ ಬಡವರ ಬಡಾವಣೆಯ ಜನರನ್ನು ಕಂಪ್ಯೂಟರಿನ ಮುಂದೆ ಕೂರಿಸಿ, ನಿಮ್ಮ ಮೈದಾನ ಹೇಗಿರಬೇಕು, ದಾರಿ ಎಲ್ಲಿರಬೇಕು ಕಟ್ಟಿ ತೋರಿಸಿ ಎಂದರು. ಡೆನ್ಮಾರ್ಕ್ ದೇಶದ ಸರ್ಕಾರಿ ನಕಾಶೆ ಇಲಾಖೆ 2014ರಲ್ಲಿ ತನ್ನ ಇಡೀ ದೇಶವನ್ನು, ಏರು ತಗ್ಗುಗಳ ಸಮೇತ, ನಿಜವಾದ ಅಳತೆಯಲ್ಲೇ ಆಟದೊಳಗೆ ಕಟ್ಟಿಸಿ ಶಾಲೆಗಳಿಗೆ ತೆರೆದಿಟ್ಟಿತು. ನಮ್ಮ ಒಂದು ತಾಲ್ಲೂಕನ್ನು ಹಾಗೆ ಕಟ್ಟಿಟ್ಟರೆ ಭೂಗೋಳದ ಪಾಠ ಎಷ್ಟು ಸುಲಭವಾಗುತ್ತಿತ್ತು ಎಂದು ನನಗೆ ಹೊಟ್ಟೆಕಿಚ್ಚು.

ಮೈನ್‌ಕ್ರಾಫ್ಟ್‌ಗೆ ದುಡ್ಡು ಕೊಡಬೇಕು. ಆದರೆ ‘ಲುವಾಂಟಿ’ ಎಂಬ ಇಂಥದೇ ತಂತ್ರಾಂಶ ಪೂರ್ತಿ ಉಚಿತ. ಫಿನ್ಲೆಂಡಿನ ಪೆರ್ಟು ಅಹೋಲ 2010ರಲ್ಲಿ ಆರಂಭಿಸಿದ ಇದರ ಹೆಸರು 2024ರವರೆಗೆ ‘ಮೈನ್‌ಟೆಸ್ಟ್’ ಎಂದಿತ್ತು. ಇದು ಹಳೆಯ ಕಂಪ್ಯೂಟರಿನಲ್ಲೂ ನಡೆಯುತ್ತದೆ. ಇಂಟರ್‌ನೆಟ್ ಇಲ್ಲದಿದ್ದರೂ ಶಾಲೆಯ ನಾಲ್ಕು ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸಿ ಒಟ್ಟಿಗೆ ಆಡಬಹುದು. ಅದರ ಅಂಕಿಗಳು ಬೇರೆ ಇರುತ್ತವೆ, ನಾನು ಮೇಲೆ ಕೊಟ್ಟ ಲೆಕ್ಕಗಳನ್ನು ನೀವೇ ಹೊಸದಾಗಿ ಮಾಡಬೇಕು. ಕಂಪ್ಯೂಟರ್ ಬೀರುವಿನಲ್ಲಿ ಬೀಗ ಹಾಕಿಕೊಂಡಿದ್ದರೆ ನಿಮ್ಮ ಶಿಕ್ಷಕರಿಗೆ ಈ ಪುಟ ತೋರಿಸಿ.

ಕಂಪ್ಯೂಟರೇ ಇಲ್ಲದ ಶಾಲೆಯವರು ಬೇಸರಪಡಬೇಡಿ, ನಿಮಗೂ ಕೆಲಸವಿದೆ. ಗಣಿತದ ಚೌಕಳಿ ಹಾಳೆಯಲ್ಲಿ ಒಂದು ಚೌಕಕ್ಕೆ 20 ಮೀಟರಿನಂತೆ ನಿಮ್ಮ ಊರಿನ ನಕಾಶೆ ಬರೆಯಿರಿ. ದೂರವನ್ನು ಹೆಜ್ಜೆಯಲ್ಲಿ ಅಳೆಯಿರಿ. ಕೆರೆ, ಬಾವಿ, ಹೊಲ, ರಸ್ತೆ, ಶಾಲೆ ಗುರುತಿಸಿ. ಊರಿನ ಅತ್ಯಂತ ಹಳೆಯ ಮನೆ ಯಾವುದೆಂದು ಅಜ್ಜಿಯನ್ನು ಕೇಳಿ. ಅದನ್ನು ಅಲ್ಲಿಯೇ ಏಕೆ ಕಟ್ಟಿದರೆಂದೂ ಕೇಳಿ. ಆಮೇಲೆ ಎರಡು ತಂಡಗಳಾಗಿ, ಹೊಸ ಅಂಗನವಾಡಿಯೊಂದನ್ನು ಎಲ್ಲಿ ಕಟ್ಟಬೇಕೆಂದು ತೀರ್ಮಾನಿಸಿ. ಎರಡು ವರ್ಷದ ಮಗು ಅಮ್ಮನ ಕೈ ಹಿಡಿದು ಎಷ್ಟು ದೂರ ನಡೆಯಬಲ್ಲದು ಎಂಬುದನ್ನು ಅಂದಾಜು ಮಾಡಬೇಡಿ, ನಿಜವಾಗಿ ಅಳೆದು ನೋಡಿ. ಮಳೆ ಬಂದ ಮರುದಿನ ನೀರು ಎಲ್ಲಿ ನಿಂತಿರುತ್ತದೆಂದೂ ನೋಡಿ ಬನ್ನಿ. ಎರಡು ತಂಡಗಳ ಜಾಗ ಬೇರೆ ಬೇರೆಯಾದರೆ ಒಂದು ಮಾಡಲು ಹೋಗಬೇಡಿ. ಕಾರಣಗಳನ್ನು ಕೆಳಗೆ ಬರೆದು ಎರಡೂ ನಕಾಶೆಗಳನ್ನು ತರಗತಿಯ ಗೋಡೆಗೆ ಅಂಟಿಸಿ. ಮುಂದಿನ ಬಾರಿ ನಿಮ್ಮ ಶಾಲೆಗೆ ಬಂದಾಗ ನಾನು ಮೊದಲು ಕೇಳುವುದು ಅವನ್ನೇ.